ವಿಂಡೋಸ್ 11 ಬಂದ ಮೇಲೆ ಉಬುಂಟು ಕಾಣುತ್ತಿಲ್ಲ: ಡಿಸ್ಕ್ ಫಾರ್ಮ್ಯಾಟ್ ಮಾಡಿಸಬೇಕೇ?

ಪ್ರಶ್ನೆ: ನಮ್ಮ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಉಬುಂಟು ಎಂಬ ಎರಡು ಕಾರ್ಯಾಚರಣೆ ವ್ಯವಸ್ಥೆಗಳಿವೆ. ಕನ್ನಡ ಸಂಘದ ನಡಾವಳಿಗಳನ್ನು ನಾನು ವಿಂಡೋಸಿನಲ್ಲಿ ನುಡಿ ತಂತ್ರಾಂಶದಿಂದ ಬರೆಯುತ್ತೇನೆ. ಮಗಳ ಎಂಜಿನಿಯರಿಂಗ್ ಪ್ರಾಜೆಕ್ಟ್ ಉಬುಂಟುವಿನಲ್ಲಿದೆ. ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದಂದಿನಿಂದ ಯಾವುದನ್ನು ತೆರೆಯಬೇಕೆಂದು ಕೇಳುವ ಪರದೆ ಬರದೆ ನೇರವಾಗಿ ವಿಂಡೋಸ್ ತೆರೆದುಕೊಳ್ಳುತ್ತಿದೆ. ರಿಪೇರಿ ಅಂಗಡಿಯವರು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆನ್ನುತ್ತಾರೆ. ಮಾಡಿಸಲೇ?
– ಓದುಗರು, ಡೊಂಬಿವಲಿ

ಉತ್ತರ: ದಯವಿಟ್ಟು ಮಾಡಿಸಬೇಡಿ. ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಅಳಿಸಿಹೋಗಿರುವುದು ಏನೂ ಇರುವುದಿಲ್ಲ. ಬದಲಾಗಿರುವುದು ಸರದಿ ಮಾತ್ರ. ಈಗಿನ ಕಂಪ್ಯೂಟರುಗಳ ಯುಇಎಫ್‌ಐ ಫರ್ಮ್‌ವೇರ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ), ಯಾವ ವ್ಯವಸ್ಥೆಯನ್ನು ಮೊದಲು ತೆರೆಯಬೇಕೆಂಬ ಪಟ್ಟಿಯನ್ನು ಮದರ್‌ಬೋರ್ಡಿನಲ್ಲಿಯೇ ಇಟ್ಟುಕೊಂಡಿರುತ್ತದೆ, ಮತ್ತು ವಿಂಡೋಸಿನ ದೊಡ್ಡ ಅಪ್‌ಗ್ರೇಡುಗಳು ಆ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲ ಸ್ಥಾನಕ್ಕೆ ತಂದುಬಿಡುವುದುಂಟು. ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡಿ. ಡ್ರೈವ್ ಅಕ್ಷರವಿಲ್ಲದ ದೊಡ್ಡ ಪಾರ್ಟಿಷನ್ (ಡಿಸ್ಕಿನ ಭಾಗ) ಕಂಡರೆ ಅದು ಬಹುತೇಕ ಉಬುಂಟುವಿನದೇ. ವಿಂಡೋಸಿಗೆ ಅದನ್ನು ಓದಲು ಬಾರದು, ಅಷ್ಟೆ.

ಏನನ್ನೂ ಮುಟ್ಟುವ ಮೊದಲು, ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ಕ್ರಮ ಬದಲಾದಾಗ ವಿಂಡೋಸ್ ಆ ಕೀಯನ್ನು ಕೇಳಬಹುದು, ಅದಿಲ್ಲದಿದ್ದರೆ ನಿಮ್ಮ ನಡಾವಳಿಗಳೇ ಕೈತಪ್ಪಿಹೋಗುತ್ತವೆ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಬಳಿಕ ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಡ್ವಾನ್ಸ್ಡ್ ಸ್ಟಾರ್ಟಪ್ ಮೂಲಕ ‘ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್’ಗೆ ಹೋಗಿ, ಬೂಟ್ ಪಟ್ಟಿಯಲ್ಲಿ ‘ಉಬುಂಟು’ವನ್ನು ಮೇಲಕ್ಕೆ ತಂದು ಉಳಿಸಿ. ಹೆಚ್ಚಿನವರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಪಟ್ಟಿಯಲ್ಲಿ ಉಬುಂಟುವಿನ ಹೆಸರೇ ಇಲ್ಲದಿದ್ದರೆ ಅದನ್ನು ಮರಳಿ ಸೇರಿಸಬೇಕು. ಕೆಲವು ಫರ್ಮ್‌ವೇರ್‌ಗಳಲ್ಲಿ ಹೊಸ ಬೂಟ್ ಆಯ್ಕೆ ಸೇರಿಸುವ ಸೌಲಭ್ಯವಿರುತ್ತದೆ. ಅಲ್ಲಿ ಇಎಫ್‌ಐ ಪಾರ್ಟಿಷನ್ನಿನ (ಬೂಟ್ ಕಡತಗಳಿರುವ ಸಣ್ಣ ಭಾಗ) ‘ಉಬುಂಟು’ ಫೋಲ್ಡರಿನಲ್ಲಿರುವ ‘ಶಿಮ್‌ಎಕ್ಸ್64’ ಕಡತವನ್ನು ಆರಿಸಿ. ಪಕ್ಕದಲ್ಲೇ ಇರುವ, ಆಯ್ಕೆಯ ಪರದೆ ತೋರಿಸುವ ಗ್ರಬ್ ತಂತ್ರಾಂಶದ ‘ಗ್ರಬ್‌ಎಕ್ಸ್64’ ಬೇಡ, ಏಕೆಂದರೆ ನಂಬಿಕೆಯ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿರುವಾಗ ಫರ್ಮ್‌ವೇರ್ ನಂಬುವುದು ಮೈಕ್ರೋಸಾಫ್ಟ್ ಸಹಿಯುಳ್ಳ ಶಿಮ್ಮನ್ನು. ಗ್ರಬ್ಬನ್ನು ಪರಿಶೀಲಿಸಿ ತೆರೆಯುವುದು ಶಿಮ್ಮಿನ ಕೆಲಸ. ಆ ಸೌಲಭ್ಯವಿಲ್ಲದಿದ್ದರೆ ಉಬುಂಟುವಿನ ಲೈವ್ ಯುಎಸ್‌ಬಿಯಿಂದ (ಡಿಸ್ಕಿಗೆ ಅಳವಡಿಸದೆಯೇ ಉಬುಂಟು ಓಡಿಸುವ ಪೆನ್‌ಡ್ರೈವ್) ಕಂಪ್ಯೂಟರನ್ನು ಆರಂಭಿಸಿ, ‘ಇಎಫ್‌ಐಬೂಟ್‌ಎಂಜಿಆರ್’ ಆಜ್ಞೆಯಿಂದ ಇದೇ ಕಡತಕ್ಕೆ ನಮೂದು ಸೃಷ್ಟಿಸಬಹುದು. ಈ ಕೆಲಸವನ್ನು ಮಗಳಿಗೇ ಒಪ್ಪಿಸಿ.

ಆಯ್ಕೆಯ ಪರದೆ ಮರಳಿದರೂ ಅದರಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿಯಾಗಬೇಡಿ. ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ಅನ್ನು ಮೊದಲಿನಿಂದಲೇ ನಿಷ್ಕ್ರಿಯವಾಗಿ ಇಡಲಾಗಿದೆ. ಗ್ರಬ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಅದನ್ನು ಸಕ್ರಿಯಗೊಳಿಸಿ, ‘ಅಪ್‌ಡೇಟ್-ಗ್ರಬ್’ ಆಜ್ಞೆ ಕೊಟ್ಟರೆ ಎರಡೂ ಹೆಸರುಗಳು ಪಟ್ಟಿಗೆ ಬರುತ್ತವೆ.