600 ಸೋಯಾ ಸಾಲುಗಳ (ತಳಿ ಆಯ್ಕೆಗೆ ಬೆಳೆಸಿದ ಲೈನ್‌ಗಳ) ಬೀಜದ ಸಕ್ಕರೆ ಅಳೆಯಲು ಎಚ್‌ಪಿಎಲ್‌ಸಿಗಿಂತ ಬೇಗದ ದಾರಿ ಇದೆಯೇ?

ಇದೆ. ಎಚ್‌ಪಿಎಲ್‌ಸಿ ಅಂದರೆ ಒಂದೊಂದು ಸಕ್ಕರೆಯನ್ನೂ ಬೇರ್ಪಡಿಸಿ ಅಳೆಯುವ ಲ್ಯಾಬ್ ಯಂತ್ರ, ಅದರಲ್ಲಿ ಒಂದು ಸ್ಯಾಂಪಲ್‌ಗೆ ಅರ್ಧ ಗಂಟೆ ಅಂದರೂ 600ಕ್ಕೆ 300 ಗಂಟೆ ಆಯಿತು. ಎಚ್‌ಪಿಎಲ್‌ಸಿಯನ್ನು ಕೊನೆಯಲ್ಲಿ ಉಳಿಯುವ ಮೂವತ್ತು ನಲವತ್ತು ಸಾಲುಗಳಿಗೆ ಇಟ್ಟುಕೊಳ್ಳಿ.

ಮೊದಲ ಜರಡಿಗೆ ನಾನು ಬಳಸಿದ್ದು ಗ್ಲುಕೋಮೀಟರ್. ನಗಬೇಡಿ, ಬೆರಳು ಚುಚ್ಚಿ ಶುಗರ್ ನೋಡುತ್ತಾರಲ್ಲ, ಅದೇ. ಸೋಯಾದಲ್ಲಿ ಜಾಸ್ತಿ ಇರುವುದು ಸುಕ್ರೋಸ್, ಮೀಟರ್‌ಗೆ ಗೊತ್ತಿರುವುದು ಗ್ಲೂಕೋಸ್. ಹಾಗಾಗಿ ಇನ್ವರ್ಟೇಸ್ ಕಿಣ್ವ ಹಾಕಿ ಸುಕ್ರೋಸ್ ಒಡೆಯಬೇಕು. 1 ಮಿ.ಲೀ. ನೀರಿಗೆ 100 ಮಿ.ಗ್ರಾಂ ಹಿಟ್ಟು. ಬೀಜದಲ್ಲಿ 5% ಸುಕ್ರೋಸ್ ಇದ್ದರೆ ಲೆಕ್ಕದ ಪ್ರಕಾರ ಡೆಸಿಲೀಟರ್‌ಗೆ ಸುಮಾರು 263 ಮಿ.ಗ್ರಾಂ ಗ್ಲೂಕೋಸ್ ಸಿಗುತ್ತದೆ, ಮೀಟರ್ ಆರಾಮಾಗಿ ಓದುತ್ತದೆ. ಇನ್ವರ್ಟೇಸ್ ಸೋಯಾದ ಇನ್ನೆರಡು ಸಕ್ಕರೆಗಳಾದ ರಾಫಿನೋಸ್, ಸ್ಟಾಕಿಯೋಸ್‌ಗಳನ್ನೂ ಕತ್ತರಿಸುತ್ತದೆ. ಆದರೆ ಅವುಗಳಿಂದ ಕಳಚಿ ಬರುವುದು ಫ್ರಕ್ಟೋಸ್, ಗ್ಲೂಕೋಸ್ ಅಲ್ಲ. ನಮ್ಮ ಪುಣ್ಯ!

ನಾನು ಎಡವಿದ್ದನ್ನೂ ಹೇಳಿಬಿಡುತ್ತೇನೆ. ಮೀಟರ್ ಇರುವುದು ರಕ್ತಕ್ಕೆ. ಬರೀ ನೀರಿನ ದ್ರಾವಣ ಕೊಟ್ಟರೆ ಅದು ತೋರಿಸುವ ಅಂಕಿಯನ್ನು ಹಾಗೇ ನಂಬುವಂತಿಲ್ಲ, ನಾನು ನಂಬಿ ಒಂದು ವಾರ ಹಾಳುಮಾಡಿಕೊಂಡೆ. ಗೊತ್ತಿರುವ ಪ್ರಮಾಣದ ಸುಕ್ರೋಸ್ ದ್ರಾವಣಗಳಿಗೂ ಇನ್ವರ್ಟೇಸ್ ಹಾಕಿ, ಓದಿ, ಮೊದಲು ಗ್ರಾಫ್ ಎಳೆದುಕೊಳ್ಳಿ. ಇನ್ನೊಂದು ಸಲ ಸಂಜೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಒಂದೇ ಸಾಲಿನ ಎರಡು ಟ್ಯೂಬ್‌ಗಳಿಗೂ ತಾಳೆಯಿಲ್ಲ. ಬೀಜದೊಳಗಿನ ಕಿಣ್ವಗಳೇ ರಾತ್ರಿಯಿಡೀ ಸಕ್ಕರೆ ಒಡೆಯುತ್ತಾ ಕೂತಿದ್ದವು! ಅಂದಿನಿಂದ ಕುದಿಯುವ ನೀರೇ. ಇನ್ವರ್ಟೇಸ್ ಮಾತ್ರ ತಣಿದ ಮೇಲೆ ಹಾಕಿ, ಇಲ್ಲದಿದ್ದರೆ ಅದೂ ಸಾಯುತ್ತದೆ. ಇನ್ವರ್ಟೇಸ್ ಇಲ್ಲದೆಯೂ ಒಂದು ಸಲ ಓದಿ, ಬಂದದ್ದನ್ನು ಕಳೆಯಿರಿ.

ರಿಫ್ರಾಕ್ಟೋಮೀಟರ್ (ದ್ರಾವಣದಲ್ಲಿ ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಂದಾಜಿಸುವ ಉಪಕರಣ) ಬೇಡ. ನೀರಿಗೆ ಬಿಟ್ಟ ಪ್ರೋಟೀನನ್ನೂ ಸಕ್ಕರೆ ಜೊತೆ ಸೇರಿಸಿ ಲೆಕ್ಕ ಹಾಕುತ್ತದೆ.

ಎನ್‌ಐಆರ್ ಯಂತ್ರ (ಬೀಜದ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ಒಳಗೇನಿದೆ ಎಂದು ಅಂದಾಜಿಸುವಂಥದ್ದು) ಕೈಗೆ ಸಿಕ್ಕರೆ ಅದೃಷ್ಟ. ಬೀಜ ಪುಡಿ ಮಾಡಬೇಕಿಲ್ಲ, ಅದನ್ನೇ ಬಿತ್ತಬಹುದು. ಆದರೆ ಬೇರೆಯವರ ಕ್ಯಾಲಿಬ್ರೇಷನ್ (ಓದಿದ್ದನ್ನು ಸಕ್ಕರೆ ಅಂಕಿಯಾಗಿಸುವ ಸೂತ್ರ) ಸುಮ್ನೆ ಹಾಕಿಕೊಳ್ಳಬೇಡಿ, ನಿಮ್ಮದೇ ಕೆಲವು ಸಾಲುಗಳ ಎಚ್‌ಪಿಎಲ್‌ಸಿ ಅಂಕಿಯ ಜೊತೆ ಹೋಲಿಸಿ ನೋಡಿ.

ನಿಮ್ಮ ಗುರಿ ಕೋಳಿ, ಹಂದಿಗಳ ಮೇವಾದರೆ ಸುಕ್ರೋಸ್ ಒಂದೇ ಸಾಲದು. ಸ್ಟಾಕಿಯೋಸ್ ಒಡೆಯುವ ಕಿಣ್ವ ಅವುಗಳ ಸಣ್ಣ ಕರುಳಿನಲ್ಲಿಲ್ಲ, ನಮಗೂ ಇಲ್ಲ. ಗ್ಯಾಸ್ ಆಗುವುದು ಅದಕ್ಕೇ ಅಲ್ವಾ? ಸ್ಟಾಕಿಯೋಸ್ ತಯಾರಾಗುವುದು ರಾಫಿನೋಸ್‌ನಿಂದ, ಹಾಗಾಗಿ ರಾಫಿನೋಸ್ ತಯಾರಿಸುವ ಕಿಣ್ವದ (ರಾಫಿನೋಸ್ ಸಿಂಥೇಸ್) ಜೀನಿನ ಮಾರ್ಕರ್‌ನಿಂದ, ಅಂದರೆ ಡಿಎನ್‌ಎ ಗುರುತಿನಿಂದ, ಸಸಿಯ ಎಲೆಯಲ್ಲೇ ಆರಿಸಬಹುದು.

ಅಂದಹಾಗೆ, ಎಲ್ಲ ಸಾಲುಗಳೂ ಒಂದೇ ಹೊಲದ, ಒಂದೇ ಹಂಗಾಮಿನ ಬೀಜ ತಾನೇ? ಕಾಳು ಕಟ್ಟುವಾಗ ತಂಪಿದ್ದರೆ ಸುಕ್ರೋಸ್ ಏರುತ್ತದೆ. ಬೇರೆ ಬೇರೆ ಹೊಲದವಾದರೆ ಒಂದು ಚೆಕ್ ತಳಿಯನ್ನು (ಹೋಲಿಕೆಗೆ ಇಡುವ ತಳಿ) ಎಲ್ಲ ಕಡೆಯಿಂದಲೂ ತಂದು ಜೊತೆಗೆ ಅಳೆಯಿರಿ.