ಬ್ಯಾಕ್ಟೀರಿಯಾಗೆ ಲೆಕ್ಕ ಬರಲ್ಲ, ಆದರೂ ಅಳತೆ ತಪ್ಪಲ್ಲ

ಮೆದುಳೇ ಇಲ್ಲದ ಬ್ಯಾಕ್ಟೀರಿಯಾ ಅಷ್ಟು ದೊಡ್ಡ ಆಂಟಿಬಯೋಟಿಕ್ ಅಣುವನ್ನು ಪ್ರತಿ ಸಲವೂ ಅದೇ ಅಳತೆಗೆ ಹೇಗೆ ಕಟ್ಟುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ಗೊತ್ತಾಗುವುದೇ ಇಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ನಮ್ಮಮ್ಮ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹದಿನೈದು ವರ್ಷ ಕಾಲರ್ ಹೊಲಿದವರು. ಅಲ್ಲಿ ಒಂದೇ ಒಂದು ಶರ್ಟನ್ನೂ ಅವರು ಪೂರ್ತಿ ಹೊಲಿದಿಲ್ಲ. ತಮ್ಮ ಮಿಷನ್‌ಗೆ ಬಂದ ಪೀಸಿಗೆ ಕಾಲರ್ ಕೂಡಿಸಿ ಮುಂದಕ್ಕೆ ತಳ್ಳುವುದು, ಅಷ್ಟೇ ಕೆಲಸ. ಲೈನಿನ ಕೊನೆಗೆ ಹೋಗಿ ನೋಡಿದರೆ ಶರ್ಟ್ ಆಗಿರುತ್ತಿತ್ತು.

ಎರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ತಯಾರಾಗುವುದೂ ಹೀಗೇ. ಮಾಡುವುದು ಸ್ಯಾಕರೋಪಾಲಿಸ್ಪೋರಾ ಎರಿಥ್ರಿಯಾ ಎಂಬ ಮಣ್ಣಿನ ಬ್ಯಾಕ್ಟೀರಿಯಾ. (ಇದರ ನೆಂಟರನ್ನು ನಮ್ಮ ಹುಡುಗರು ಹೊಂಗೆ ಮರದ ಬುಡದ ಮಣ್ಣಿನಿಂದಲೇ ಬೆಳೆಸುತ್ತಾರೆ. ಸೀಮೆಸುಣ್ಣದ ಪುಡಿ ಉದುರಿಸಿದ ಹಾಗೆ ಕಾಣುವ ಕಾಲೊನಿ. ತಂತಿಯ ಲೂಪ್‌ನಿಂದ ಕೆರೆದರೂ ಸುಲಭಕ್ಕೆ ಬರಲ್ಲ, ಬೆಳೆಸುವ ಅಗರ್ ಜೆಲ್ಲಿಗೇ ಕಚ್ಚಿಕೊಂಡಿರುತ್ತದೆ.) ಅದರೊಳಗೆ ಪಾಲಿಕೀಟೈಡ್ ಸಿಂಥೇಸ್ ಎಂಬ ಎಂಜೈಮ್ ಇದೆ. ಮೂರು ಭಾರೀ ಪ್ರೋಟೀನ್‌ಗಳು ಸಾಲಾಗಿ ಸೇರಿ ಆದದ್ದು. ಒಂದೊಂದರಲ್ಲೂ 3,000ಕ್ಕಿಂತ ಜಾಸ್ತಿ ಅಮೈನೋ ಆಮ್ಲ. ನಮ್ಮ ಹಿಮೋಗ್ಲೋಬಿನ್‌ನ ಒಂದು ಎಳೆಯಲ್ಲಿ ಇರುವುದು ಸುಮಾರು 140 ಅಷ್ಟೇ.

ಈ ಸಾಲಿನಲ್ಲಿ ಆರು ಮಿಷನ್ ಅಂದುಕೊಳ್ಳಿ. ಶುರುವಿನಲ್ಲಿ ಮೂರು ಕಾರ್ಬನ್‌ನ ಒಂದು ತುಂಡು ಏರುತ್ತದೆ. ಆರೂ ಮಿಷನ್‌ಗಳು ತಲಾ ಮೂರು ಕಾರ್ಬನ್ ಸೇರಿಸುತ್ತವೆ. ಒಟ್ಟು 21. ಪೀಸ್ ನಡುವೆ ಎಲ್ಲೂ ಕೆಳಗೆ ಬೀಳಲ್ಲ. ಪ್ರತಿ ಮಿಷನ್‌ಗೂ ಬಳುಕುವ ಒಂದು ತೋಳಿದೆ, ಪೀಸ್ ಅದಕ್ಕೇ ಅಂಟಿಕೊಂಡು ಒಂದು ತೋಳಿಂದ ಇನ್ನೊಂದಕ್ಕೆ ದಾಟುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನದು. ತುಂಡು ಸೇರಿಸಿದ ಜಾಗದಲ್ಲಿ ಒಂದು ಆಕ್ಸಿಜನ್ ಉಳಿದಿರುತ್ತದೆ. 1, 2, 5, 6ನೇ ಮಿಷನ್‌ಗಳು ಅದಕ್ಕೆ ಹೈಡ್ರೋಜನ್ ಸೇರಿಸಿ ಆಲ್ಕೋಹಾಲ್ ಗುಂಪು ಮಾಡುತ್ತವೆ. ಮೂರನೆಯದು ಮುಟ್ಟುವುದೇ ಇಲ್ಲ. ನಾಲ್ಕನೆಯದು ಆಕ್ಸಿಜನ್ನನ್ನೇ ಕಿತ್ತುಹಾಕುತ್ತದೆ. ಹಾಗಾಗಿ ಅಣುವನ್ನು ನೋಡಿದರೆ ಯಾವ ಜಾಗ ಯಾವ ಮಿಷನ್ನಿನ ಕೈಕೆಲಸ ಅಂತ ಹೇಳಿಬಿಡಬಹುದು. ಅಮ್ಮ ಹೊಲಿಗೆ ನೋಡಿಯೇ ಇದು ಯಾರ ಪೀಸ್ ಅನ್ನುತ್ತಿದ್ದರಲ್ಲ, ಹಾಗೆ.

ಕೊನೆಯಲ್ಲಿ ಥಯೋಎಸ್ಟರೇಸ್ ಎಂಬ ಕತ್ತರಿ. ಅದು ಸರಪಳಿಯನ್ನು ತೋಳಿಂದ ಬಿಡಿಸಿ, ಎರಡು ತುದಿ ಕೂಡಿಸಿ 14 ಪರಮಾಣುಗಳ ಉಂಗುರ ಮಾಡುತ್ತದೆ. ಅಲ್ಲಿಗೇ ಔಷಧ ಆಗಿಬಿಡಲ್ಲ. ಬೇರೆ ಎಂಜೈಮ್‌ಗಳು ಬಂದು ಆಕ್ಸಿಜನ್ನನ್ನೂ ಎರಡು ಸಕ್ಕರೆಗಳನ್ನೂ ಅಂಟಿಸಬೇಕು. ಇದನ್ನೇ ಲ್ಯಾಬಿನಲ್ಲಿ ಮೊದಲಿಂದ ಕಟ್ಟಲು ವುಡ್‌ವರ್ಡ್ ಅವರಂಥ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞರಿಗೇ ದೊಡ್ಡ ತಂಡ ಬೇಕಾಯಿತು. ಅದು ಪ್ರಕಟವಾದದ್ದು 1981ರಲ್ಲಿ, ಅವರು ತೀರಿಕೊಂಡು ಎರಡು ವರ್ಷ ಆದ ಮೇಲೆ.

ಈಗ ನಿಮ್ಮ ಪ್ರಶ್ನೆ: ಎಲ್ಲಿ ನಿಲ್ಲಿಸುವುದು? ಕತ್ತರಿ ಇರುವ ಕಡೆ. ಸುಮ್ನೆ ಹೇಳುತ್ತಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. 1995ರಲ್ಲಿ ಕೇಂಬ್ರಿಡ್ಜ್‌ನ ತಂಡವೊಂದು ಜೀನ್ ಬದಲಿಸಿ ಆ ಕತ್ತರಿಯನ್ನು ಎರಡನೇ ಮಿಷನ್ ಪಕ್ಕಕ್ಕೇ ತಂದು ಕೂರಿಸಿತು. ಹೊರಬಂದದ್ದು ಬರೀ ಆರು ಪರಮಾಣುಗಳ ಪುಟ್ಟ ಉಂಗುರ.

ಇದನ್ನು ಅಮ್ಮನಿಗೆ ಹೇಳಿದಾಗ, "ತೋಳು ಹಾಕೋ ಮೊದ್ಲೇ ಪ್ಯಾಕಿಂಗ್‌ಗೆ ಕಳಿಸಿಬಿಟ್ರಾ?" ಅಂದರು.