ಬಿ.ಕಾಂ. ದಂಡ ಅಂದವರಿಗೆ ಎಂ.ಬಿ.ಎ. ಸದ್ಯಕ್ಕೆ ಬೇಡ ಅಂದದ್ದೇಕೆ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ನನ್ನ ಹತ್ತಿರ ಸಲಹೆ ಕೇಳಿ ಬಂದವರು ಜಗಳೂರು ಕಡೆಯ ಯುವತಿ, 24 ವರ್ಷ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಅಲ್ಲೇ ಬಟ್ಟೆ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತಾರೆ. ಸಂಬಳ 11,000 ರೂಪಾಯಿ. "ಮೂರು ವರ್ಷ ದಂಡ ಆತು ಸರ್. ಪಿಯುಸಿ ಓದಿದವರಿಗೂ ಅಲ್ಲಿ ಇಷ್ಟೇ ಕೊಡ್ತಾರೆ" ಅಂದರು. ಸಾಲ ಮಾಡಿ ಎಂ.ಬಿ.ಎ. ಸೇರಬೇಕು, ಅದನ್ನು ಅಪ್ಪಾಜಿಗೆ ಹೇಗೆ ಹೇಳುವುದು ಎಂಬ ಚಿಂತೆ.

ಮಾತಾಡಿಸಿದಾಗ ತಿಳಿದದ್ದು: ಕೊನೆಯ ಸೆಮಿಸ್ಟರ್‌ವರೆಗೂ ಕಾಲೇಜು ಅವರಿಗೆ ಇಷ್ಟವಾಗಿತ್ತು. ಅಸಮಾಧಾನ ಹುಟ್ಟಿದ್ದು ಮೊದಲ ಸಂಬಳದ ದಿನ, ಬಲಿತದ್ದು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ಸಂಬಳ ತಿಳಿದ ಮೇಲೆ. ಓದಿಗಿಂತ ಕೆಳಗಿನ ಕೆಲಸ ಸಿಕ್ಕಾಗ ಓದಿನ ನೆನಪೂ ಕಹಿಯಾಗುವುದು ಪದವೀಧರರಲ್ಲಿ ಸಾಮಾನ್ಯ. ಹಾಗಂತ ದೂರು ಸುಳ್ಳಲ್ಲ. ಒಂದೂ ಇಂಟರ್ನ್‌ಶಿಪ್ ಇರಲಿಲ್ಲ, ರೆಸ್ಯೂಮೆ ಬರೆಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಕಾಲೇಜಿನ ಲೋಪವೇ. ಆದರೆ ಸಂಬಳದ ಸಿಟ್ಟನ್ನೂ ಪಾಠದ ಗುಣವನ್ನೂ ಒಂದೇ ಖಾತೆಗೆ ಬರೆದರೆ ಮುಂದಿನ ನಿರ್ಧಾರ ಹಳ್ಳ ಹಿಡಿಯುತ್ತದೆ.

ತಿಂಗಳ 1ರಿಂದ 20ರವರೆಗೆ ಮಾಡಿದ ಕೆಲಸವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತರಲು ಹೇಳಿದೆ. ತಂದದ್ದನ್ನು ನೋಡಿದರೆ, 11ರೊಳಗೆ ಜಿಎಸ್‌ಟಿಆರ್-1 (ಅಂಗಡಿಯ ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್) ಸಿದ್ಧಪಡಿಸುತ್ತಾರೆ. ಅಂಗಡಿಗೆ ಮಾಲು ಕೊಟ್ಟವರು ಜಿಎಸ್‌ಟಿ ಪೋರ್ಟಲ್‌ಗೆ ಏರಿಸಿದ ಬಿಲ್‌ಗಳ ಪಟ್ಟಿ, ಅಂದರೆ 2ಬಿ, 14ಕ್ಕೆ ಬರುತ್ತದೆ. ಅದನ್ನು ಖರೀದಿ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡಿ, ಬಿಲ್ ಏರಿಸದ ವ್ಯಾಪಾರಿಗೆ ಫೋನ್ ಮಾಡುತ್ತಾರೆ. ಏರಿಸದಿದ್ದರೆ ಅಂಗಡಿಗೆ ಆ ತೆರಿಗೆಯ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. 20ರೊಳಗೆ 3ಬಿ, ಅಂದರೆ ತಿಂಗಳ ಒಟ್ಟು ಲೆಕ್ಕ ತೋರಿಸಿ ತೆರಿಗೆ ಕಟ್ಟುವ ರಿಟರ್ನ್. ಇದು ಬಿ.ಕಾಂ. ಓದಿನ ಕೆಲಸವೇ, ಪಿಯುಸಿಗೆ ದಕ್ಕುವುದಲ್ಲ. ರೆಸ್ಯೂಮೆಯಲ್ಲಿ ಇದ್ದದ್ದು ಮಾತ್ರ "ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಬರುತ್ತದೆ" ಎಂಬ ಒಂದೇ ಸಾಲು!

ಕೊಟ್ಟ ಸಲಹೆ ಹೀಗಿದೆ. ಆ ಸಾಲಿನ ಜಾಗದಲ್ಲಿ ಈ ಕೆಲಸಗಳನ್ನು ಹೆಸರು ಹಿಡಿದು ಬರೆಯಿರಿ, ತಿಂಗಳಿಗೆ ಎಷ್ಟು ಬಿಲ್ ಎಂಬುದನ್ನೂ ಸೇರಿಸಿ. ದಾವಣಗೆರೆಯ ಪಿ.ಜೆ. ಬಡಾವಣೆ, ಹರಿಹರ, ಚಿತ್ರದುರ್ಗದ ಆಡಿಟರ್, ತೆರಿಗೆ ಸಲಹೆಗಾರರ ಕಚೇರಿಗಳಿಗೆ ಖುದ್ದಾಗಿ ಹೋಗಿ ಕೊಡಿ. ಆದರೆ ರಿಟರ್ನ್ ಗಡುವಿನ ದಿನಗಳಲ್ಲಿ ಬೇಡ, ಅವತ್ತು ಯಾರಿಗೂ ಪುರುಸೊತ್ತಿರುವುದಿಲ್ಲ. ಮಾಲೀಕರ ಹತ್ತಿರ ಸಂಬಳದ ಮಾತೆತ್ತುವಾಗ ನೀವು ಫೋನ್ ಮಾಡಿ ಉಳಿಸಿದ ಕ್ರೆಡಿಟ್‌ನ ಮೊತ್ತವನ್ನು ಮುಂದಿಡಿ.

ಎಂ.ಬಿ.ಎ. ಯೋಚನೆ ಆರು ತಿಂಗಳು ತಡೆಯಲಿ. ಆಮೇಲೂ ಬೇಕೆನಿಸಿದರೆ ಸೇರಬೇಕೆಂದಿರುವ ಕಾಲೇಜಿನಲ್ಲಿ ಅಲ್ಲಿ ಓದಿದವರ ಸರಾಸರಿ ಸಂಬಳ ಕೇಳಬೇಡಿ. ಒಬ್ಬರಿಗೆ ದೊಡ್ಡ ಸಂಬಳ ಬಂದರೂ ಸರಾಸರಿ ಏರುತ್ತದೆ. ಹೋದ ಮೂರು ಬ್ಯಾಚಿನಲ್ಲಿ ಯಾರಿಗೆ ಯಾವ ಹುದ್ದೆ ಸಿಕ್ಕಿತು ಎಂಬ ಪಟ್ಟಿ ಕೇಳಿ, ಅವರಲ್ಲಿ ಇಬ್ಬರ ಜೊತೆ ಮಾತಾಡಿ. ಶಿಕ್ಷಣ ಸಾಲದ ಕಂತು ಓದು ಮುಗಿದ ಮೇಲೆ ಶುರುವಾದರೂ ಬಡ್ಡಿ ಸಾಮಾನ್ಯವಾಗಿ ಓದುವಾಗಲೇ ಬೆಳೆಯುತ್ತದೆ. ಆ ಲೆಕ್ಕವನ್ನು ಬ್ಯಾಂಕಿನಲ್ಲಿ ಬರೆಸಿಕೊಂಡು ಬಂದ ಮೇಲೆಯೇ ಅಪ್ಪಾಜಿ ಹತ್ತಿರ ಮಾತಾಡಿ.